ಒದ್ದೆ ಕಾಣದ ಬಟ್ಟೆ

ಕೂಸಿನ ಜೊಲ್ಲಬಟ್ಟೆಗೆ ಖಣ ಒಗ್ಗುವುದಿಲ್ಲ. ಕುಪ್ಪಸಕ್ಕೆಂದೇ ನೇಯುವ ಬಟ್ಟೆ ಅದು. ನೀರು ಹೀರುವುದಿಲ್ಲ, ಕತ್ತರಿಸಿದಲ್ಲೆಲ್ಲ ಎಳೆ ಬಿಡುತ್ತದೆ, ಎಷ್ಟು ಒಗೆದರೂ ಮೆತ್ತಗಾಗುವುದಿಲ್ಲ. ಜೊಲ್ಲಬಟ್ಟೆಯೆಂದರೆ ಕೂಸಿನ ಕೊರಳಿಗೆ ಕಟ್ಟುವ ತುಂಡು, ಗದ್ದದಿಂದ ಇಳಿದದ್ದು ಎದೆ ಮುಟ್ಟುವ ಮೊದಲು ಅದನ್ನು ಹಿಡಿದುಕೊಳ್ಳಬೇಕು. ಹಿಡಿದುಕೊಳ್ಳದ ಬಟ್ಟೆಯಿಂದ ಅದನ್ನು ಹೊಲಿಯುವುದು ಹುಚ್ಚುತನ. ಹೀಗೆಂದು ನಾನು ಅತ್ತೆಗೆ ಬಾಯಿಬಿಟ್ಟೇ ಹೇಳಿದೆ. ಅವರು ಟ್ರಂಕಿನಿಂದ ಹಸಿರು ಖಣವೊಂದನ್ನು ತೆಗೆದು ನನ್ನ ಮಷೀನಿನ ಮೇಲಿಟ್ಟು ಒಳಗೆ ಹೋದರು. ನಮ್ಮ ಮನೆಯಲ್ಲಿ ಮಾತು ಮುಗಿಯುವುದೇ ಹಾಗೆ.

ಅದಕ್ಕೂ ಮೊದಲು ನಾನು ಹೊಲಿದವೆಲ್ಲ ಬಿಳಿಯವು. ಮಾವನವರು ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಅವರ ಧೋತರಗಳನ್ನು ಅತ್ತೆ ಮಡಿಸಿ ಇಟ್ಟಿದ್ದರು, ಮೊಮ್ಮಗು ಬಂದಾಗ ಬೇಕಾಗುತ್ತವೆ ಎಂದು. ನಮ್ಮ ಕಡೆ ಕೂಸಿಗೆ ಮೊದಲು ಹೊಸ ಬಟ್ಟೆ ಹಾಕುವುದಿಲ್ಲ, ಬಾಳಿ ಬದುಕಿದ ಹಿರಿಯರು ಉಟ್ಟು ಬಿಟ್ಟದ್ದನ್ನೇ ಹರಿದು ಹೊದಿಸುತ್ತೇವೆ. ಅದು ರೂಢಿಯೂ ಹೌದು, ಜಾಣತನವೂ ಹೌದು. ವರ್ಷಗಟ್ಟಲೆ ಒಗೆದ ಧೋತರ ಬೆಣ್ಣೆಯಷ್ಟು ಮೆತ್ತಗಿರುತ್ತದೆ. ನಾನು ಅದನ್ನು ನಾಲ್ಕು ಪದರು ಮಡಿಸಿ, ಊಟದ ತಾಟನ್ನು ಬೋರಲು ಹಾಕಿ ಹೊರಗಿನ ಸುತ್ತು ಗುರುತು ಮಾಡುತ್ತಿದ್ದೆ, ಸಣ್ಣ ಬಟ್ಟಲಿನಿಂದ ಕೊರಳಿನ ಸುತ್ತು. ಗುರುತಿಗೆ ಸವೆದ ಸೋಪಿನ ಚೂರು. ಕತ್ತರಿಸಿ, ಒಳಮೈ ಹೊರಗೆ ಮಾಡಿ ಸುತ್ತಲೂ ಹೊಲಿಗೆ ಹಾಕಿ, ಒಂದು ಬೆರಳು ಹೋಗುವಷ್ಟು ಬಾಯಿ ಬಿಟ್ಟು, ಅಲ್ಲಿಂದ ಇಡೀ ತುಂಡನ್ನು ಹೊರಳಿಸುವುದು. ಕೊರಳಿನ ಸುತ್ತಿಗೆ ಹೊಲಿಗೆಯವರೆಗೆ ಸಣ್ಣ ಸಣ್ಣ ಕತ್ತರಿ ಕಚ್ಚು ಕೊಡದಿದ್ದರೆ ಹೊರಳಿಸಿದ ಮೇಲೆ ಅದು ಮುದುಡಿ ಕೂಸಿನ ಕುತ್ತಿಗೆಗೆ ಒತ್ತುತ್ತದೆ. ಇದನ್ನು ನನಗೆ ಕಲಿಸಿದ್ದು ನನ್ನ ಅವ್ವ. ಲಕ್ಷ್ಮೇಶ್ವರದಲ್ಲಿ ಅವಳು ಓಣಿಯವರ ಕುಪ್ಪಸ ಹೊಲಿದೇ ನಮ್ಮನ್ನು ಓದಿಸಿದವಳು. ಬಾಣಂತನ ಮುಗಿಸಿ ನಾನು ಬೆಟಗೇರಿಗೆ ಹೊರಟಾಗ ತನ್ನ ಕೈಮಷೀನನ್ನು ಗೋಣಿಚೀಲದಲ್ಲಿ ಕಟ್ಟಿ ಜೀಪಿಗೆ ಹಾಕಿದಳು. ತೊಟ್ಟಿಲು ಕೊಡಬೇಕಾದಲ್ಲಿ ಮಷೀನು ಕೊಟ್ಟಳೆಂದು ಅತ್ತೆಯ ಮನೆಯವರು ಸ್ವಲ್ಪ ನಕ್ಕರು. ತೊಟ್ಟಿಲನ್ನೂ ಕೊಟ್ಟಿದ್ದಳು, ಅದು ಅವರಿಗೆ ಕಾಣಿಸಲಿಲ್ಲ.

ಮಗಳಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಬಾಯಿ ಸೋರಲು ಶುರುವಾಯಿತು. ಹಲ್ಲು ಬರುವ ಲಕ್ಷಣ ಅಂದರು. ಎಲ್ಲ ಕೂಸುಗಳೂ ಸುರಿಸುತ್ತವೆ, ಅದರಲ್ಲೇನಿದೆ ಅಂದುಕೊಂಡು ನಾನು ಬಿಳಿ ತುಂಡುಗಳನ್ನು ಹೊಲಿಯುತ್ತ ಹೋದೆ. ಕಟ್ಟಿದ ಸ್ವಲ್ಪ ಹೊತ್ತಿಗೇ ಒದ್ದೆ. ತೆಗೆದು ಹಿಂಡಿದರೆ ನೀರು. ಅಂಗಳದ ತಂತಿಯ ಮೇಲೆ ಸಾಲಾಗಿ ಅವೇ ಒಣಗುತ್ತಿದ್ದವು. ಪಕ್ಕದ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು, ಈ ಮನೆಯಲ್ಲಿ ನನ್ನ ಮಷೀನು. ಗಂಡ ಅಂಗಡಿಯಿಂದ ಊಟಕ್ಕೆ ಬಂದಾಗ, ನಮ್ಮ ಮಗಳು ಊರಿಗೆಲ್ಲ ನೀರು ಬಿಡುತ್ತಾಳೆ, ನಗರಸಭೆಯವರಿಗೆ ಹೇಳಬೇಕು ಎಂದು ಹಾಸ್ಯ ಮಾಡುತ್ತಿದ್ದರು. ಆಗ ನಾವು ನಗುತ್ತಿದ್ದೆವು.

ನಗು ನಿಂತದ್ದು ಶಿರಹಟ್ಟಿಯ ದೊಡ್ಡವ್ವ ಬಂದ ದಿನ. ಅವರು ನನ್ನ ಮಾವನವರ ಅಣ್ಣನ ಹೆಂಡತಿ, ಆ ಮನೆತನದಲ್ಲಿ ಉಳಿದ ಹಿರಿಯ ತಲೆ. ಕೂಸನ್ನು ನೋಡಲು ಬಂದವರು ಮೊದಲು ಮುಖ ನೋಡುತ್ತಾರೆ, ಯಾರಂತಿದೆ ಎನ್ನುತ್ತಾರೆ. ದೊಡ್ಡವ್ವ ನೋಡಿದ್ದು ಗದ್ದವನ್ನು. ಬಿಳಿ ಧೋತರದ ಮೇಲೆ ಒದ್ದೆ ಅಂಗೈಯಗಲ ಹರಡಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ನನ್ನನ್ನು ಕೇಳಿದರು.

"ಬಸರಿದ್ದಾಗ ಏನ್ ಬಯಸಿದ್ದಿ ತಂಗಿ? ಯಾವುದು ಉಳೀತು?"

ನಾನು ಏನೂ ಉಳಿದಿಲ್ಲ ಎಂದೆ. ಅವರು ನನ್ನ ಮಾತಿಗೆ ಕಿವಿಗೊಡಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದರು. ನಮ್ಮಲ್ಲಿ ಎಲ್ಲರೂ ನಂಬುವ ಮಾತು ಇದು: ಬಸುರಿಯ ಬಯಕೆ ತೀರದಿದ್ದರೆ ಹುಟ್ಟಿದ ಕೂಸು ಜೊಲ್ಲು ಸುರಿಸುತ್ತದೆ. ತಾಯಿ ತಿನ್ನದೆ ಉಳಿದದ್ದನ್ನು ಕೂಸಿನ ಬಾಯಿ ಕೇಳುತ್ತಲೇ ಇರುತ್ತದಂತೆ. ಬಯಕೆ ತೀರಿಸಬೇಕಾದವಳು ಯಾರು? ಅತ್ತೆ. ಹಾಗಾಗಿ ಕೂಸಿನ ಗದ್ದದ ಮೇಲಿನ ಪ್ರತಿ ಹನಿಯೂ ಅತ್ತೆಯ ಮೇಲಿನ ದೂರು.

ನನ್ನ ಅತ್ತೆಗೆ ಈ ದೂರು ತಾಕಿದಷ್ಟು ಬೇರೆ ಯಾವುದೂ ತಾಕುತ್ತಿರಲಿಲ್ಲ. ಅವರಿಗೆ ಬಂಗಾರದ ಆಸೆಯಿಲ್ಲ, ಓದು ಬರಹವಿಲ್ಲ. ಇದ್ದ ಹೆಮ್ಮೆಯೆಲ್ಲ ಅಡುಗೆಮನೆಯದು. ನಾನು ಬಸುರಿಯಿದ್ದಾಗ ಅವರು ನನ್ನನ್ನು ತಿನ್ನಿಸಿ ತಿನ್ನಿಸಿ ಸಾಕು ಮಾಡಿದ್ದರು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಮಾದಲಿ, ಗುರೆಳ್ಳ ಪುಡಿ ಹಚ್ಚಿದ ಎಳೆ ಬದನೆ. ಸಜ್ಜಕವಂತೂ ಕೇಳಲೇಬೇಡಿ. ರವೆ ಬೆಲ್ಲ ಹಾಕಿ ತೆಳ್ಳಗೆ ಕುದಿಸುವ ಆ ಸಿಹಿ ಮಾಡುವುದು ಸುಲಭ, ಕೂಸಿಗೂ ಮುದುಕರಿಗೂ ಆಗುತ್ತದೆ. ಯಾರಾದರೂ ಬಂದರೆ ಸಜ್ಜಕ, ಬರದಿದ್ದರೆ ಬೇಜಾರಿಗೆ ಸಜ್ಜಕ. ಹಾಲು ತುಪ್ಪ ಸುರಿದು ಬಟ್ಟಲು ಕೈಗೆ ಕೊಟ್ಟು, ನಾನು ಖಾಲಿ ಮಾಡುವವರೆಗೆ ಎದುರಿಗೇ ನಿಂತಿರುತ್ತಿದ್ದರು. ಏಳನೆಯ ತಿಂಗಳ ಕುಬಸದಲ್ಲಿ, ಅಂದರೆ ಬಸುರಿಗೆ ಹಸಿರುಡಿಸಿ ಉಡಿ ತುಂಬುವ ಕಾರ್ಯದಲ್ಲಿ, ಬಂದವರೆಲ್ಲ ಇಂಥ ಅತ್ತೆ ಸಿಗಲು ಪುಣ್ಯ ಬೇಕು ಎಂದು ಹೇಳಿ ಹೋಗಿದ್ದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು, ಆದರೂ ಆ ಮಾತನ್ನು ನಾನು ಎಂದೂ ಅಲ್ಲಗಳೆದಿಲ್ಲ.

ದೊಡ್ಡವ್ವ ಹೋದ ಮೇಲೆ ಅತ್ತೆ ಶುರು ಮಾಡಿದರು. ತೀರದ ಬಯಕೆಗೆ ಪರಿಹಾರವೂ ಉಂಟು. ಉಳಿದ ತಿನಿಸನ್ನು ಈಗ ಮಾಡಿ ಕೂಸಿನ ತುಟಿಗೆ ಮುಟ್ಟಿಸಬೇಕು, ಆಗ ಬಾಯಿ ಕಟ್ಟುತ್ತದೆ. ಯಾವುದು ಉಳಿದದ್ದು ಎಂದು ಗೊತ್ತಿಲ್ಲವಾದ್ದರಿಂದ ಅವರು ಒಂದೊಂದಾಗಿ ಎಲ್ಲವನ್ನೂ ಮಾಡಿದರು. ನನ್ನ ಮಗಳು ಹಲ್ಲು ಬರುವ ಮೊದಲೇ ನಮ್ಮ ಸೀಮೆಯ ಅಡುಗೆಯನ್ನೆಲ್ಲ ತುಟಿಯಲ್ಲಿ ನೋಡಿ ಮುಗಿಸಿದಳು. ಮೆಣಸಿನಕಾಯಿ ಭಜಿಯನ್ನೂ ಬಿಡಲಿಲ್ಲ. ಅವತ್ತು ಅವಳು ಅತ್ತ ಅಳು ಇನ್ನೂ ನನ್ನ ಕಿವಿಯಲ್ಲಿದೆ, ನಾನು ಕೂಗಾಡಿದ್ದೂ ನೆನಪಿದೆ. ಜೊಲ್ಲು ಮಾತ್ರ ನಿಲ್ಲಲಿಲ್ಲ.

ನಿಲ್ಲದಿದ್ದಾಗ ಮುಚ್ಚುವ ಉಪಾಯ. ಹೆಂಗಸರ ಉಡಿಗೆ ಬಿದ್ದ ಖಣಗಳು ಯಾರೂ ಹೊಲಿಸದೆ ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ. ಇವರು ಅವರಿಗೆ, ಅವರು ಮತ್ತೊಬ್ಬರಿಗೆ. ಅತ್ತೆಯ ಟ್ರಂಕಿನಲ್ಲಿ ಅಂಥವು ಬೇಕಾದಷ್ಟಿದ್ದವು. ಅದರಲ್ಲಿ ಕಡುಹಸಿರಿನದನ್ನೇ ಆರಿಸಿದ್ದರು. ಕಡುಹಸಿರು ಖಣದ ಮೇಲೆ ನೀರು ಬಿದ್ದರೆ ಕಲೆ ಕಾಣುವುದಿಲ್ಲ, ಒರೆಸಿದರೆ ಹೋಗುತ್ತದೆ. ಒಳಗೆ ಧೋತರದ ಪದರು, ಮೇಲೆ ಖಣ. ನೋಡುವವರಿಗೆ ಒಣಗಿದ ಚಂದದ ಬಟ್ಟೆ. ಜೊಲ್ಲು ಖಣದ ಮೇಲಿಂದ ಜಾರಿ, ಅಂಚಿನಲ್ಲಿ ಒಳಗಿಳಿದು, ಧೋತರವನ್ನು ನೆನೆಸಿ ಕೂಸಿನ ಎದೆಗೇ ತಾಗುತ್ತಿತ್ತು. ಕೆಲವೇ ದಿನಗಳಲ್ಲಿ ಎದೆಯ ಮೇಲೆ ಕೆಂಪು ಗುಳ್ಳೆ. ನಾನು ನಡುವೆ ಇನ್ನೊಂದು ಪದರು ಹಾಕಿದೆ, ಅಂಚಿಗೆ ಪಟ್ಟಿ ಹಚ್ಚಿದೆ, ಲಾಡಿಗಳನ್ನು ಎಳೆದರೆ ಬಿಚ್ಚುವ ಹಾಗೆ ಸಣ್ಣಗೆ ಹೊಲಿದೆ. ಕೈಗೆಲಸ ಚಲೋ ಆಗಿತ್ತು, ಅದನ್ನು ಈಗಲೂ ಹೇಳಿಕೊಳ್ಳುತ್ತೇನೆ. ಮನೆಯಲ್ಲಿ ನಾವು ನಾವೇ ಇದ್ದಾಗ ಬಿಳಿಯದು ಕಟ್ಟುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳ ಕೇಳಿದರೆ ಸಾಕು, ಅತ್ತೆ ಗದ್ದ ಒರೆಸಿ ಹಸಿರನ್ನು ಕಟ್ಟಿಬಿಡುತ್ತಿದ್ದರು. ಬಂದವರು ಬಟ್ಟೆಯನ್ನು ಹೊಗಳಿ ಚಹಾ ಕುಡಿದು ಹೋಗುತ್ತಿದ್ದರು.

ಆರನೆಯ ತಿಂಗಳ ಹೊತ್ತಿಗೆ ನನಗೆ ಜ್ವರ ಬಂತು. ಕೈಕಾಲಿನ ಗಂಟುಗಳೆಲ್ಲ ಹಿಡಿದುಕೊಳ್ಳುವ ಆ ಜ್ವರ, ಆ ಮಳೆಗಾಲದಲ್ಲಿ ಓಣಿಯ ಯಾವ ಮನೆಯನ್ನೂ ಬಿಟ್ಟಿರಲಿಲ್ಲ. ಲೋಟ ಎತ್ತಲೂ ಆಗದ ಸ್ಥಿತಿ. ಕೂಸಿಗೆ ಸ್ವಲ್ಪ ಕೆಮ್ಮಿತ್ತು, ಗದಗಿನ ಮಕ್ಕಳ ಡಾಕ್ಟರಿಗೆ ತೋರಿಸಬೇಕಿತ್ತು. ಗಂಡ ಬೈಕಿನಲ್ಲಿ ಅತ್ತೆಯನ್ನೂ ಕೂಸನ್ನೂ ಕರೆದುಕೊಂಡು ಹೋದರು. ಗಂಡ ಹೊರಗೆ ಔಷಧದ ಅಂಗಡಿಯ ಮುಂದೆ ನಿಂತರು, ಒಳಗೆ ಹೋದದ್ದು ಅತ್ತೆ ಒಬ್ಬರೇ. ತಿರುಗಿ ಬಂದು ಏನೂ ಇಲ್ಲವಂತೆ, ಕೆಮ್ಮಿಗೆ ಔಷಧ ಕೊಟ್ಟರು ಎಂದರು. ಖಣದ ಬಟ್ಟೆಯನ್ನು ಡಾಕ್ಟರು ಹೊಗಳಿದರಂತೆ. ಅತ್ತೆಯ ಮುಖದಲ್ಲಿ ಬಹಳ ದಿನಗಳ ಮೇಲೆ ಬೆಳಕಿತ್ತು. ನಾನು ಹೊದ್ದುಕೊಂಡು ಮಲಗಿದೆ.

ವರ್ಷ ತುಂಬಿತು. ಮಗಳು ಕೂರಲಿಲ್ಲ. ಕುತ್ತಿಗೆ ನಿಂತರೂ ಪೂರಾ ನಿಲ್ಲಲಿಲ್ಲ, ಎತ್ತಿಕೊಂಡರೆ ತಲೆ ಒಂದು ಕಡೆ ವಾಲುತ್ತಿತ್ತು. ಬಲಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ಕೆಲವು ಕೂಸುಗಳು ತಡ ಎಂದು ಎಲ್ಲರೂ ಹೇಳಿದರು. ಗಂಡನೂ ತಡವಾಗಿ ನಡೆದವರಂತೆ. ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಹುಟ್ಟಿದಾಗ ಅವಳು ಅಳಲು ತಡ ಮಾಡಿದ್ದಳು, ಸೂಲಗಿತ್ತಿಯ ಕೈಗಳು ಅವಳ ಬೆನ್ನು ತಿಕ್ಕುತ್ತಿದ್ದುದನ್ನು ನಾನು ಅರೆಎಚ್ಚರದಲ್ಲಿ ನೋಡಿದ್ದೆ. ಆ ನೋಟ ಮತ್ತೆ ಮತ್ತೆ ಬರುತ್ತಿತ್ತು. ಕೊನೆಗೆ ಯಾರನ್ನೂ ಕೇಳದೆ ಕೂಸನ್ನು ಎತ್ತಿಕೊಂಡು ಆಟೋ ಹತ್ತಿ ಅದೇ ಡಾಕ್ಟರ ಹತ್ತಿರ ಹೋದೆ. ಕೊರಳಲ್ಲಿ ಬಿಳಿ ಬಟ್ಟೆಯಿತ್ತು, ದಾರಿಯಲ್ಲೇ ನೆನೆದು ಹೋಗಿತ್ತು.

ಡಾಕ್ಟರು ಬಹಳ ಹೊತ್ತು ನೋಡಿದರು. ಕಾಲು ಮಡಿಸಿದರು, ಬಿಡಿಸಿದರು, ಬಾಯೊಳಗೆ ಬೆರಳು ಹಾಕಿ ನೋಡಿದರು. ಆಮೇಲೆ ಒದ್ದೆ ಬಟ್ಟೆಯನ್ನು ಹಿಡಿದು, ಇಷ್ಟು ಜೊಲ್ಲು ಯಾವಾಗಿನಿಂದ ಎಂದು ಕೇಳಿದರು. ನಾಲ್ಕು ತಿಂಗಳಿನವಳಿದ್ದಾಗಿನಿಂದ ಎಂದೆ. ಅವರು ಕೈ ಬಿಟ್ಟು ಕುರ್ಚಿಗೆ ಒರಗಿದರು.

"ಹಿಂದಕ ಬಂದಾಗ ನಾ ಇದನ್ನ ಕೇಳಿದ್ನಲ್ಲಮ್ಮ. ಹಸಿರು ಖಣದ್ದು ಕಟ್ಟಿದ್ರಿ, ನೆನಪೈತಿ ನನಗ. ಮುಟ್ಟಿ ನೋಡಿದೆ, ಒಣಗಿತ್ತು. ಜೊಲ್ಲು ಭಾಳ ಸುರಸ್ತತೇನು ಅಂತ ಕೇಳಿದ್ರ, ನಿಮ್ಮ ಹಿರ್ಯಾರು, ಇಲ್ರಿ ಸಾಹೇಬ್ರ, ನಮ್ಮ ಮನ್ಯಾಗ ಏನೂ ಕಮ್ಮಿ ಮಾಡಿಲ್ಲ ಅಂದ್ರು. ಯಾಕ ಹಂಗಂದ್ರು ನನಗ ತಿಳೀಲಿಲ್ಲ."

ಅವರಿಗೆ ತಿಳಿಯಲಿಲ್ಲ. ನನಗೆ ಕೇಳಿದ ಕೂಡಲೇ ತಿಳಿಯಿತು. ಡಾಕ್ಟರು ಕೇಳಿದ್ದು ಬಾಯಿಯ ಬಲವನ್ನು ಕುರಿತು. ಅತ್ತೆಗೆ ಕೇಳಿಸಿದ್ದು ಶಿರಹಟ್ಟಿಯ ದೊಡ್ಡವ್ವನ ಪ್ರಶ್ನೆ. ಬಿಳಿ ಅಂಗಿ ತೊಟ್ಟ ದೊಡ್ಡ ಮನುಷ್ಯನೂ ಅದನ್ನೇ ಕೇಳುತ್ತಿದ್ದಾನೆ, ಸೊಸೆಯನ್ನು ಉಪವಾಸ ಕೆಡವಿದಿಯಾ ಎಂದು ಕೇಳುತ್ತಿದ್ದಾನೆ ಎಂದು ಅವರು ತಿಳಿದರು. ತಮ್ಮ ಮರ್ಯಾದೆಯ ಉತ್ತರ ಕೊಟ್ಟು, ಗೆದ್ದು ಮನೆಗೆ ಬಂದರು. ಆ ಬಟ್ಟೆಯನ್ನು ಹೊಲಿದವಳು ನಾನು, ನಿಜ. ಆದರೆ ಅದು ನನ್ನ ತಪ್ಪೆಂದು ನಾನು ಯಾವ ದೇವರ ಮುಂದೆಯೂ ಒಪ್ಪಿಕೊಂಡಿಲ್ಲ, ಒಪ್ಪಿಕೊಳ್ಳುವುದೂ ಇಲ್ಲ.

ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಒಂದು ಹೆಸರು ಹೇಳಿದರು, ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ಹುಟ್ಟುವಾಗ ಉಸಿರು ತಡವಾದದ್ದರಿಂದ ಮಿದುಳಿಗೆ ಪೆಟ್ಟು ಬಿದ್ದಿದೆ. ಇದು ರಕ್ತದಲ್ಲಿ ಬಂದದ್ದಲ್ಲ, ಮುಂದಿನ ಮಕ್ಕಳಿಗೆ ಬರುವಂಥದ್ದಲ್ಲ. ಇವಳಲ್ಲಿ ಎಲ್ಲ ಕೂಸುಗಳಿಗಿಂತ ಹೆಚ್ಚು ಜೊಲ್ಲು ಹುಟ್ಟುತ್ತಿಲ್ಲ, ಹುಟ್ಟಿದ್ದನ್ನು ನುಂಗಲು ಇವಳಿಗೆ ಬರುವುದಿಲ್ಲ. ಅಷ್ಟೇ. ಇಷ್ಟು ತಿಂಗಳು ನಾವು ಅವಳ ಬಾಯಿ ಏನು ಬೇಡುತ್ತಿದೆ ಎಂದು ಹುಡುಕಿದ್ದೆವು. ಅದು ಏನನ್ನೂ ಬೇಡುತ್ತಿರಲಿಲ್ಲ. ತನ್ನದೇ ಉಗುಳನ್ನು ಒಳಗೆ ತೆಗೆದುಕೊಳ್ಳಲಾಗದೆ ಸೋರುತ್ತಿತ್ತು.

ಮೊದಲೇ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಅಲ್ಲಿಯ ಹೆಣ್ಣುಮಗಳು, ಕೈಕಾಲಿಗೆ ಬಾಯಿಗೆ ವ್ಯಾಯಾಮ ಕಲಿಸುವವಳು, ಮಗಳ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ ನೋಡಿದಳು. ಪೂರಾ ಸರಿಹೋಗುತ್ತಿರಲಿಲ್ಲ, ಸ್ವಲ್ಪ ಸುಲಭವಾಗುತ್ತಿತ್ತು ಎಂದಳು. ಆ ಸ್ವಲ್ಪ ಎಂದರೆ ಎಷ್ಟು ಎಂದು ನಾನು ಇವತ್ತಿಗೂ ಲೆಕ್ಕ ಹಾಕುತ್ತೇನೆ. ಒಂದು ಕೈಯೆ? ಗೋಡೆ ಹಿಡಿದು ನಿಲ್ಲುವಷ್ಟೆ? ಅವ್ವಾ ಎನ್ನುವಷ್ಟೆ? ಕೆನ್ನೆಯನ್ನು ಹೇಗೆ ನೀವಬೇಕು, ಗಂಟಲನ್ನು ಮೇಲಿಂದ ಕೆಳಗೆ ಒಂದು ಬೆರಳಿನಿಂದ ಸವರಿ ನುಂಗುವುದನ್ನು ಹೇಗೆ ನೆನಪಿಸಬೇಕು ಎಂದು ಅವಳು ತೋರಿಸಿದಳು. ಊಟಕ್ಕೆ ಒಂದು ಕಟ್ಟಪ್ಪಣೆ ಮಾಡಿದಳು. ಕಾಳು, ಪುಡಿ, ಎಳೆ, ಅಗಿಯುವಂಥದ್ದು ಯಾವುದೂ ಬಾಯಿಗೆ ಹೋಗಬಾರದು. ಉಸಿರಿನ ದಾರಿಗೆ ಹೋದರೆ ಜೀವಕ್ಕೇ ಬರುತ್ತದೆ. ಗಂಜಿಯ ಹದಕ್ಕೆ ನುಣ್ಣಗಿದ್ದದ್ದು ಮಾತ್ರ, ಚಮಚದ ತುದಿಯಷ್ಟು.

ತಿರುಗಿ ಬಂದ ಮಧ್ಯಾಹ್ನ ನಾನು ಅತ್ತೆಗೆ ಎಲ್ಲವನ್ನೂ ಹೇಳಿದೆ. ಗದಗಿನ ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಅವರು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ನನ್ನನ್ನು ಅವರು ಕೇಳಿದ ರೀತಿಯಲ್ಲಿ ಅತ್ತೆತನ ಒಂದಿಷ್ಟೂ ಇರಲಿಲ್ಲ.

"ಖರೆ ಹೇಳ ಯವ್ವಾ. ನಿನಗ ಏನರ ಒಂದು ತಿನ್ನಬೇಕು ಅನಿಸಿದ್ದು ಉಳದಿರಬೇಕು. ನೆನಪು ಮಾಡ್ಕೋ. ಸಣ್ಣದಿದ್ರೂ ಅಡ್ಡಿಯಿಲ್ಲ."

ಅವರು ಏನು ಕೇಳುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಯಾವ ತಪ್ಪಿಗೆ ಅಂಜಿ ಬಟ್ಟೆ ಬದಲಿಸುತ್ತಿದ್ದರೋ ಈಗ ಅದೇ ತಪ್ಪು ತಮಗೆ ಸಿಗಲಿ ಎಂದು ಬೇಡುತ್ತಿದ್ದರು. ಬಯಕೆ ಉಳಿದಿದ್ದರೆ ಅದು ಅಡುಗೆಮನೆಯ ತಪ್ಪು, ನಾಳೆ ಒಲೆ ಹೊತ್ತಿಸಿ ತೀರಿಸಬಹುದು. ಉಳಿದಿಲ್ಲವಾದರೆ ಡಾಕ್ಟರ ಮುಂದೆ ಆಡಿದ ಆ ಒಂದು ಮಾತು ಮಾತ್ರ ಉಳಿಯುತ್ತದೆ. ಅದನ್ನು ಯಾವ ಒಲೆಯ ಮೇಲೆ ಇಡಲೂ ಬರುವುದಿಲ್ಲ.

"ಏನೂ ಉಳದಿಲ್ಲ ಅತ್ಯಾರ," ಅಂದೆ. "ನೀವು ಎಲ್ಲಾ ಮಾಡಿ ಹಾಕೀರಿ. ನಿಮ್ಮಂಗ ಯಾರೂ ಮಾಡಿ ಹಾಕಂಗಿಲ್ಲ."

ಈ ಮಾತು ಕೇಳಲು ಅವರು ಎಷ್ಟು ವರ್ಷ ಕಾದಿದ್ದರೋ. ನಾನು ಅದನ್ನು ಹೇಳಿದ್ದು ಹೊಡೆಯುವುದಕ್ಕಾಗಿ, ಅದು ಅವರಿಗೆ ಗೊತ್ತಾಯಿತು. ಎದ್ದು ಒಳಗೆ ಹೋದರು. ಆ ಸಂಜೆ ಒಲೆ ಹೊತ್ತಿದ್ದು ತಡವಾಗಿ.

ಆಮೇಲಿನ ವರ್ಷಗಳಲ್ಲಿ ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಕೂಸಿನ ವ್ಯಾಯಾಮವನ್ನು ಅತ್ತೆ ಕಲಿತರು, ನನಗಿಂತ ತಪ್ಪದೆ ಮಾಡಿದರು. ಬೆಳಿಗ್ಗೆ ಎಣ್ಣೆ ಹಚ್ಚಿ ಕಾಲು ಬಿಡಿಸುವುದು, ಕೆನ್ನೆ ನೀವುವುದು, ಗಂಟಲು ಸವರುತ್ತ ಗಂಜಿ ಕುಡಿಸುವುದು. ಒಮ್ಮೆ ಅನ್ನದ ಅಗುಳೊಂದು ಸಿಕ್ಕಿಕೊಂಡು ಮಗಳು ನೀಲಿಗಟ್ಟಿದಾಗ ಮಗುಚಿ ಬೆನ್ನು ತಟ್ಟಿದವರೂ ಅವರೇ. ನಾನು ಹೊಲಿಯುತ್ತ ಹೋದೆ. ಕೂಸಿನ ಜೊಲ್ಲಬಟ್ಟೆಯನ್ನು ಯಾರೂ ನಾಲ್ಕು ವರ್ಷ ಹೊಲಿಯುವುದಿಲ್ಲ. ಬಟ್ಟಲು ಸಾಲದೆ ಲೋಟದ ತಟ್ಟೆ, ತಟ್ಟೆ ಸಾಲದೆ ಚಹಾ ಬಸಿಯುವ ಪಾತ್ರೆಯ ಮುಚ್ಚಳ; ಕೊರಳಿನ ಸುತ್ತು ದೊಡ್ಡದಾಗುತ್ತ ಬಂತು. ಬಾಕಿ ಮಕ್ಕಳ ಅಂಗಿಯ ಅಳತೆ ಬದಲಾದಾಗ ತಾಯಂದಿರು ಖುಷಿಪಡುತ್ತಾರೆ. ನಾನು ಸೋಪಿನ ಚೂರು ಹಿಡಿದು ಹೊಸ ಸುತ್ತು ಎಳೆಯುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ನೋಡುತ್ತಿರಲಿಲ್ಲ. ಮಾವನವರ ಧೋತರಗಳು ಮುಗಿದವು, ಅತ್ತೆ ತಮ್ಮ ಹಳೆಯ ನೂಲಿನ ಸೀರೆಗಳನ್ನು ಹರಿದು ಕೊಟ್ಟರು. ಹಸಿರು ಖಣದ್ದನ್ನು ಮಾತ್ರ ಬಿಡಲಿಲ್ಲ. ಹೊರಗೆ ಹೋಗುವಾಗ ಅದನ್ನು ದೊಡ್ಡದಾಗಿ ಹೊಲಿಸಿ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ನನ್ನ ನಾದಿನಿ ಬಸುರಾದಳು. ಅತ್ತೆಯ ಒಬ್ಬಳೇ ಮಗಳು ಅವಳು, ಮುಂಡರಗಿಗೆ ಕೊಟ್ಟಿದೆ. ಮದುವೆಯಾಗಿ ಬಹಳ ದಿನ ಆಗಿರಲಿಲ್ಲ, ಹೀಗಾಗಿ ಎಲ್ಲರಿಗೂ ಅವಳು ಹೂವಿನ ಹಾಗೆ. ಕುಬಸ ಮಾಡಲು ತವರಿನವರು ಹೋಗಬೇಕು. ಬುಟ್ಟಿಗಟ್ಟಲೆ ತಿನಿಸು ಮಾಡಿಕೊಂಡು ಟ್ರ್ಯಾಕ್ಸ್ ಗಾಡಿ ತುಂಬಿ ಹೊರಟೆವು. ಶಿರಹಟ್ಟಿಯ ದೊಡ್ಡವ್ವ ಮುಂದಿನ ಸೀಟಿನಲ್ಲಿ. ಮಗಳು ನನ್ನ ತೊಡೆಯ ಮೇಲೆ. ಅವಳ ಎದೆಯಲ್ಲಿ ಮತ್ತೆ ಗುಳ್ಳೆ ಎದ್ದಿದ್ದವು, ಬಿಳಿಯದನ್ನೇ ಕಟ್ಟಿದ್ದೆ. ಇಳಿಯುವ ಮೊದಲು ಹಸಿರನ್ನು ಕಟ್ಟು ಎಂದು ಅತ್ತೆ ಮೆಲ್ಲಗೆ ಹೇಳಿದರು. ಗುಳ್ಳೆಯಾಗಿವೆ, ಕಟ್ಟುವುದಿಲ್ಲ ಎಂದೆ. ಅವರು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡರು.

ನಾದಿನಿಯನ್ನು ಹಸಿರು ಸೀರೆ, ಹಸಿರು ಬಳೆಯಲ್ಲಿ ಕೂರಿಸಿದ್ದರು. ಹೆಂಗಸರು ಜಮಖಾನೆ ತುಂಬ. ಒಬ್ಬೊಬ್ಬರಾಗಿ ಎದ್ದು ಉಡಿ ತುಂಬುತ್ತಿದ್ದರು. ನನ್ನ ಸರದಿ ಬಂದಾಗ ಮಗಳನ್ನು ಅತ್ತೆಗೆ ಕೊಟ್ಟು ಏಳಹೋದೆ. ನಾದಿನಿಯ ಅತ್ತೆ ನನ್ನ ಕೈಯನ್ನು ಮೆಲ್ಲಗೆ ಹಿಡಿದು ಕೂರಿಸಿದರು. ಕೆಟ್ಟ ಹೆಂಗಸಲ್ಲ ಅವರು. ಅಂಜಿದ್ದರು. ನನ್ನನ್ನು ದಾಟಿ ಅತ್ತೆಯ ಕಡೆ ಬಾಗಿ, ದನಿ ಇಳಿಸಿ ಕೇಳಿದರು. ದನಿ ಇಳಿಸಿದರೂ ಎಲ್ಲರಿಗೂ ಕೇಳಿಸಿತು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಬೀಗ್ತಿ. ಈ ಕೂಸಿಂದು ನಿಮ್ಮ ಮನಿ ರಕ್ತದಾಗ ಬಂದದ್ದೇನ್ರಿ? ಹಂಗೇನರ ಇದ್ರ ನಮಗ ಮೊದಲ ಹೇಳಬೇಕಾಗಿತ್ತು."

ನಾದಿನಿಯ ಕೈ ಹೊಟ್ಟೆಯ ಮೇಲೆ ಹೋಯಿತು. ಅವಳ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಈ ಮಾತು ಇಲ್ಲಿ ನಿಂತರೆ ಅವಳು ಹೆರುವವರೆಗೂ, ಹೆತ್ತ ಮೇಲೂ, ಕೂಸಿನ ಪ್ರತಿ ಹನಿ ಜೊಲ್ಲನ್ನೂ ಈ ಮನೆಯವರು ಬೆಳಕಿಗೆ ಹಿಡಿದು ನೋಡುತ್ತಾರೆ. ಹುಬ್ಬಳ್ಳಿಯಲ್ಲಿ ಹೇಳಿದ್ದನ್ನು ಹೇಳಬಹುದಿತ್ತು. ನಾನು ಬಾಯಿ ತೆರೆದೂ ಇದ್ದೆ. ಆದರೆ ಆ ಜಮಖಾನೆಯ ಮೇಲೆ ಮಿದುಳು, ಉಸಿರು ಎಂಬ ಮಾತು ನಡೆಯುತ್ತಿರಲಿಲ್ಲ, ಮುಚ್ಚಿಡಲು ಕಲಿತು ಬಂದದ್ದು ಎನ್ನುತ್ತಿದ್ದರು. ಅತ್ತೆಗೆ ಅದು ನನಗಿಂತ ಚೆನ್ನಾಗಿ ಗೊತ್ತು.

"ರಕ್ತದಾಗ ಏನೂ ಇಲ್ರಿ," ಅತ್ತೆ ಹೇಳಿದರು. "ತಪ್ಪು ನಂದ. ಈಕಿ ಬಸರಿದ್ದಾಗ ಈಕಿ ಬಯಕಿ ನಾ ತೀರಸಲಿಲ್ಲ."

ಎಲ್ಲರೂ ಒಮ್ಮೆಗೇ ಉಸಿರು ಬಿಟ್ಟ ಹಾಗಾಯಿತು. ಇದು ಅವರಿಗೆ ಅರ್ಥವಾಗುವ ರೋಗ. ಇದಕ್ಕೆ ಕಾರಣವಿದೆ, ಕಾರಣಕ್ಕೆ ಒಬ್ಬ ಹೆಂಗಸಿದ್ದಾಳೆ, ಅವಳು ಒಪ್ಪಿಕೊಂಡಿದ್ದಾಳೆ. ನಾದಿನಿಯ ಕೈ ಹೊಟ್ಟೆಯಿಂದ ಇಳಿಯಿತು. ಅವಳ ಅತ್ತೆ ಹಿಂದಕ್ಕೆ ಸರಿದು ಕೂತರು. ಇದನ್ನು ನನಗಾಗಿ ಹೇಳಿದರು ಎಂದು ನಾನು ಎಂದೂ ಅಂದುಕೊಂಡಿಲ್ಲ, ತಮ್ಮ ಮಗಳಿಗಾಗಿ ಹೇಳಿದರು. ಅಷ್ಟು ನನಗೆ ಗೊತ್ತಾಗುತ್ತದೆ.

ಶಿರಹಟ್ಟಿಯ ದೊಡ್ಡವ್ವ ಮಾತ್ರ ಬಿಡಲಿಲ್ಲ. ತಾವು ಅಂದೇ ಕೇಳಿದ್ದುಂಟು, ಅಂದೇ ಹೇಳಿದ್ದರೆ ಮುಗಿದು ಹೋಗುತ್ತಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ನನ್ನ ಕಡೆ ತಿರುಗಿದರು. ಈಗಲಾದರೂ ಹೇಳು, ಏನು ಬಯಸಿದ್ದೆ? ಇಷ್ಟೊಂದು ಅಡುಗೆಯಾಗಿದೆ, ಇಲ್ಲೇ ಕೂಸಿನ ಬಾಯಿಗೆ ಹಾಕೋಣ. ಆಗಲೇ ಅವರು ಮುಂದಿದ್ದ ತಾಟನ್ನು ಹತ್ತಿರ ಎಳೆದುಕೊಂಡಿದ್ದರು.

ತಾಟಿನಲ್ಲಿ ಶೇಂಗಾ ಹೋಳಿಗೆ, ಕರ್ಚಿಕಾಯಿ, ಬೇಸನ್ ಉಂಡೆ, ಶ್ಯಾವಿಗೆ ಇದ್ದವು. ಎಲ್ಲವನ್ನೂ ನಾನು ಒಂದು ಕ್ಷಣದಲ್ಲಿ ನೋಡಿದೆ, ಮನಸ್ಸಿನಲ್ಲೇ ಮಗಳ ಗಂಟಲಿನಲ್ಲಿ ಇಟ್ಟು ನೋಡಿದೆ. ಪುಡಿ, ಕಾಳು, ಎಳೆ. ಏನೂ ಬಯಸಿರಲಿಲ್ಲ ಎಂದರೆ ಅತ್ತೆಯ ಮಾತು ಬೀಳುತ್ತದೆ, ನಾದಿನಿ ಬೀಳುತ್ತಾಳೆ. ದೊಡ್ಡ ತಿನಿಸಿನ ಹೆಸರು ಹೇಳಿದರೆ ಅತ್ತೆಯ ಮಾನ ಅರ್ಧವಾದರೂ ಉಳಿಯುತ್ತದೆ, ಆದರೆ ಅದನ್ನು ಈ ಕ್ಷಣವೇ ನನ್ನ ಮಗಳ ಬಾಯಿಗೆ ತುರುಕುತ್ತಾರೆ. ಒಳಗೆ ಅಡುಗೆಮನೆಯಲ್ಲಿ ಸಣ್ಣ ಮಕ್ಕಳಿಗೆಂದು ಮಾಡಿಟ್ಟದ್ದು ಒಂದನ್ನು ಬರುವಾಗ ಕಂಡಿದ್ದೆ.

"ಸಜ್ಜಕ," ಅಂದೆ.

ಹಿಂದಿನ ಸಾಲಿನಿಂದ ಗುಸುಗುಸು ಬಂತು. ಹಿಡಿ ರವೆ, ಚೂರು ಬೆಲ್ಲ, ಕೂಲಿಗೆ ಹೋಗುವವರ ಮನೆಯಲ್ಲೂ ಬಸುರಿಗೆ ಅದನ್ನು ಇಲ್ಲವೆನ್ನುವುದಿಲ್ಲ. ನಾದಿನಿಯ ಅತ್ತೆ ನನ್ನ ಅತ್ತೆಯ ಮುಖವನ್ನೇ ನೋಡುತ್ತಿದ್ದರು, ಮೊದಲಿದ್ದ ಅಂಜಿಕೆ ಹೋಗಿ ಅಲ್ಲಿ ಬೇರೇನೋ ಬಂದಿತ್ತು. ಅಷ್ಟನ್ನೂ ಮಾಡಿ ಹಾಕಲಿಲ್ಲವೇ ಎಂದು ಅವರು ಕೇಳಿಯೇಬಿಟ್ಟರು. ಅತ್ತೆ ನನ್ನ ಕಡೆ ನೋಡಿದರು. ನಾನು ಸಜ್ಜಕವನ್ನೇ ಯಾಕೆ ಹೇಳಿದೆ ಎಂದು ಅವರಿಗೆ ತಿಳಿಯಿತೇ, ಸೇಡು ತೀರಿಸಿಕೊಂಡಳು ಎಂದುಕೊಂಡರೇ, ನನಗೆ ಇವತ್ತಿಗೂ ಖಾತ್ರಿಯಿಲ್ಲ. ನಾನು ಕೇಳಿಲ್ಲ.

"ಹೂನ್ರಿ," ಅಂದರು. "ಅದನ್ನೂ ಮಾಡಿ ಹಾಕಲಿಲ್ಲ."

ಯಾರೋ ಬಟ್ಟಲಲ್ಲಿ ಸಜ್ಜಕ ತಂದರು. ದೊಡ್ಡವ್ವ ಕೈಚಾಚಿದರು, ಅತ್ತೆ ಕೊಡಲಿಲ್ಲ. ಮಗಳನ್ನು ತಮ್ಮ ತೋಳಿಗೆ ಒರಗಿಸಿಕೊಂಡು ತಲೆಯನ್ನು ಮೊಣಕೈಯಲ್ಲಿ ನಿಲ್ಲಿಸಿದರು. ಸಜ್ಜಕವನ್ನು ಚಮಚದ ಬೆನ್ನಿನಿಂದ ಅರೆದು ಅರೆದು ನುಣ್ಣಗೆ ಮಾಡಿ, ತುದಿಯಷ್ಟು ಎತ್ತಿ ಕೆಳತುಟಿಯ ಒಳಗೆ ಇಟ್ಟರು. ಒಂದು ಬೆರಳಿನಿಂದ ಗಂಟಲನ್ನು ಮೇಲಿಂದ ಕೆಳಗೆ ಸವರಿದರು. ಸ್ವಲ್ಪ ಒಳಗೆ ಹೋಯಿತು. ಉಳಿದದ್ದು ಜೊಲ್ಲಿನೊಡನೆ ತಿರುಗಿ ಬಂದು, ಗದ್ದದಿಂದ ಇಳಿದು, ಬಿಳಿ ಬಟ್ಟೆಯ ಮೇಲೆ ಬೆಲ್ಲದ ಬಣ್ಣದಲ್ಲಿ ಹರಡಿತು. ಜಮಖಾನೆಯ ತುಂಬ ಹೆಂಗಸರು ಅದನ್ನೇ ನೋಡುತ್ತಿದ್ದರು. ಹಸಿರು ಖಣದ ಬಟ್ಟೆಯಿದ್ದ ಚೀಲ ಅತ್ತೆಯ ಮೊಳಕಾಲಿಗೆ ತಾಗಿಕೊಂಡೇ ಇತ್ತು. ಅವರು ಅದನ್ನು ತೆರೆಯಲಿಲ್ಲ. ಎರಡನೆಯ ಚಮಚ ಅರೆಯಲು ಶುರು ಮಾಡಿದರು.